ಗುಂಪಿನಲ್ಲಿ ಬಿಡಬೇಕೇ, ಒಂಟಿಯಾಗಿ ಬಿಡಬೇಕೇ: ಒಂದು ಲಿವರಿ ಲಾಯದ ದೀರ್ಘಕಾಲದ ಅನುಭವ

ಯಲಹಂಕ ದಾಟಿ ದೊಡ್ಡಬಳ್ಳಾಪುರದ ಕಡೆಗೆ ಹೋಗುವಾಗ ಸಿಗುವ ಒಂದು ಲಿವರಿ ಲಾಯದಲ್ಲಿ, ಅಂದರೆ ಶುಲ್ಕ ಪಡೆದು ಬೇರೆಯವರ ಕುದುರೆಗಳನ್ನು ನೋಡಿಕೊಳ್ಳುವ ಲಾಯದಲ್ಲಿ, ನನ್ನ ಕುದುರೆಯನ್ನು ಕೆಲವು ವರ್ಷಗಳಿಂದ ಇಟ್ಟಿದ್ದೇನೆ. ತಿಂಗಳ ಶುಲ್ಕದಲ್ಲಿ ಲಾಯ, ಮೇವು, ಸೈಸ್ (ಕುದುರೆ ನೋಡಿಕೊಳ್ಳುವವರು) ಆರೈಕೆ ಮತ್ತು ದಿನವೂ ಬಯಲಿಗೆ ಬಿಡುವುದು ಸೇರಿವೆ. ಲಾಳ, ಲಸಿಕೆ ಮತ್ತು ವೈದ್ಯರ ಖರ್ಚು ಬೇರೆ. ಲಾಯ ಹುಡುಕುವವರು ಸಾಮಾನ್ಯವಾಗಿ ಅರೀನಾದ (ಸವಾರಿ ಅಭ್ಯಾಸದ ಅಂಗಳದ) ಮರಳು ಹೇಗಿದೆ, ತರಬೇತಿ ಕೊಡುವವರು ಯಾರು, ಊರಿನಿಂದ ಎಷ್ಟು ದೂರ ಎಂದು ವಿಚಾರಿಸುತ್ತಾರೆ. ಕುದುರೆಯನ್ನು ಬಯಲಿಗೆ ಯಾರ ಜೊತೆ, ಎಷ್ಟು ಹೊತ್ತು, ಯಾವ ಕ್ರಮದಲ್ಲಿ ಬಿಡುತ್ತಾರೆ ಎಂಬುದನ್ನು ಇವೆಲ್ಲಕ್ಕಿಂತ ಮೊದಲು ವಿಚಾರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಒಂಟಿ ಪ್ಯಾಡಾಕ್‌ಗಳೂ (ಒಂದೊಂದೇ ಕುದುರೆ ಬಿಡುವ ಬೇಲಿ ಹಾಕಿದ ಸಣ್ಣ ಬಯಲುಗಳು) ಇವೆ, ಗುಂಪಿನಲ್ಲಿ ಬಿಡುವ ದೊಡ್ಡ ಬಯಲೂ ಇದೆ. ಎರಡನ್ನೂ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನ ಸವಾರಿ ಕುದುರೆಗಳಲ್ಲಿ ಹಲವು ರೇಸ್ ಬಿಟ್ಟು ಬಂದ ಥರೋಬ್ರೆಡ್ ತಳಿಯವು, ನನ್ನದೂ ಅಂಥದ್ದೇ ಒಂದು ಗೆಲ್ಡಿಂಗ್ (ಬೀಜ ತೆಗೆಸಿದ ಗಂಡು ಕುದುರೆ). ಎರಡು ವರ್ಷ ತುಂಬುವ ಹೊತ್ತಿಗೇ ತರಬೇತಿಗೆ ಸೇರುವ ಈ ಕುದುರೆಗಳು ಬೆಳಗಿನ ಓಟ ಮುಗಿಸಿದರೆ ದಿನದ ಉಳಿದ ಹೊತ್ತನ್ನೆಲ್ಲ ಲಾಯದ ನಾಲ್ಕು ಗೋಡೆಗಳ ನಡುವೆಯೇ ಕಳೆದಿರುತ್ತವೆ. ಹಾಗಾಗಿ ಮೊದಲಿಗೆ ಒಂಟಿಯಾಗಿ ಬಿಡುವುದೇ ಸುರಕ್ಷಿತ ಎಂದು ಲಾಯದವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ವಾರಗಳು ಕಳೆದರೂ ಅವನು ಬೇಲಿಯ ಉದ್ದಕ್ಕೂ ಅತ್ತಿಂದಿತ್ತ ಓಡಾಡುವುದನ್ನು ನಿಲ್ಲಿಸಲಿಲ್ಲ. ಅವನು ತುಳಿದ ಕಡೆ ಹುಲ್ಲು ಸತ್ತು ಕೆಂಪು ಮಣ್ಣಿನ ದಾರಿಯೇ ಮೂಡಿತ್ತು. "ಸಾರ್, ಪಕ್ಕದ ಕುದುರೆ ಒಳಗೆ ಹೋದ ತಕ್ಷಣ ಇವನು ಮೇವಿಗೆ ಬಾಯಿ ಹಾಕಲ್ಲ, ಗೇಟು ಬಿಟ್ಟು ಕದಲಲ್ಲ" ಎಂದು ಹಿರಿಯ ಸೈಸ್ ಒಬ್ಬರು ಹೇಳಿದ ಮೇಲೆ ನಾನೂ ನಿಂತು ಗಮನಿಸಿದೆ. ಅವರು ಹೇಳಿದಂತೆಯೇ ನಡೆಯುತ್ತಿತ್ತು.

ಇದನ್ನು ಕೇವಲ ಸ್ವಭಾವದ ತೊಂದರೆ ಎಂದು ತಳ್ಳಿಹಾಕುವಂತಿಲ್ಲ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲೂ ರಾತ್ರಿ ಸ್ರವಿಸುತ್ತಲೇ ಇರುತ್ತದೆ, ಮೇವು ಜಗಿಯುವಾಗ ಬರುವ ಜೊಲ್ಲು ಅದರ ತೀಕ್ಷ್ಣತೆಯನ್ನು ತಗ್ಗಿಸುತ್ತದೆ. ತನ್ನ ಪಾಡಿಗೆ ಬಿಟ್ಟರೆ ದಿನಕ್ಕೆ 16 ಗಂಟೆಯ ಆಸುಪಾಸು ಮೇಯುವ ಪ್ರಾಣಿ ಆತಂಕದಿಂದ ಮೇವು ಬಿಟ್ಟು ನಿಂತರೆ ಹೊಟ್ಟೆಯ ಹುಣ್ಣಿಗೆ ದಾರಿಯಾಗುತ್ತದೆ.

ಗುಂಪಿಗೆ ಸೇರಿಸುವ ವಿಷಯದಲ್ಲಿ ಈ ಲಾಯ ತೋರಿದ ತಾಳ್ಮೆಯೇ ನಾನು ಇಲ್ಲಿ ಉಳಿಯಲು ಮುಖ್ಯ ಕಾರಣ. ಹೊಸದಾಗಿ ಬಂದ ಯಾವ ಕುದುರೆಯನ್ನೂ ಅವರು 2ರಿಂದ 3 ವಾರ ಬೇರೆಯಾಗಿಟ್ಟು, ಜ್ವರ ಮತ್ತು ನೆಗಡಿಯ ಲಕ್ಷಣಗಳನ್ನು ನೋಡಿ, ಲದ್ದಿಯ ಪರೀಕ್ಷೆ ಮಾಡಿಸಿ, ಜಂತುಹುಳುವಿನ ಔಷಧಿ ಕೊಟ್ಟ ನಂತರವೇ ಬಯಲಿನ ಮಾತೆತ್ತುತ್ತಾರೆ. ಆಮೇಲೆ ಗುಂಪಿನ ಒಂದೇ ಒಂದು ಶಾಂತ ಕುದುರೆಯನ್ನು ಪಕ್ಕದ ಪ್ಯಾಡಾಕ್‌ನಲ್ಲಿ ಬಿಟ್ಟು, ಬೇಲಿಯ ಆಚೀಚೆ ಮೂಸಿ ಪರಿಚಯ ಮಾಡಿಕೊಳ್ಳಲು ಅವಕಾಶ ಕೊಡುತ್ತಾರೆ. ಅವೆರಡೂ ಒಂದೇ ಬಯಲಿನಲ್ಲಿ ನೆಮ್ಮದಿಯಾಗಿ ಮೇಯುವುದನ್ನು ಕಂಡ ಮೇಲಷ್ಟೇ ಜೋಡಿಯನ್ನು ಒಟ್ಟಿಗೆ ಗುಂಪಿಗೆ ಒಯ್ಯುತ್ತಾರೆ. ಒದೆತದಿಂದ ಮೂಳೆ ಮುರಿಯುವ ಅಪಾಯ ತಗ್ಗಲೆಂದು ಗುಂಪಿನ ಕುದುರೆಗಳ ಹಿಂಗಾಲಿನ ಲಾಳ ತೆಗೆಸಿರುತ್ತಾರೆ. ಹೆಣ್ಣು ಕುದುರೆಗಳಿಗೆ ಬೇರೆ ಬಯಲಿದೆ. ಒಣಹುಲ್ಲನ್ನು ಕುದುರೆಗಳ ಸಂಖ್ಯೆಗಿಂತ ಒಂದೆರಡು ಹೆಚ್ಚು ರಾಶಿಗಳಾಗಿ ದೂರ ದೂರ ಹಾಕುತ್ತಾರೆ. ಜೋರಿನ ಕುದುರೆ ಒಂದು ರಾಶಿಯಿಂದ ಓಡಿಸಿದರೆ ಮೆತ್ತಗಿನದಕ್ಕೆ ಹೋಗಲು ಇನ್ನೊಂದಿರಬೇಕು. ಹುರುಳಿ ಮತ್ತು ಕುದುರೆ ಮಸಾಲೆ ಸೊಪ್ಪಿನಂಥ ರುಚಿಯ ಮೇವನ್ನು ಬಯಲಿಗೆ ತರುವುದೇ ಇಲ್ಲ, ಅದು ಲಾಯದೊಳಗೆ ಮಾತ್ರ. ಜಗಳಗಳು ಹೆಚ್ಚಾಗಿ ಹುಟ್ಟುವುದು ಮೇವಿನ ಹತ್ತಿರ ಮತ್ತು ಗೇಟಿನ ಹತ್ತಿರವೇ ಆದ್ದರಿಂದ ಈ ಶಿಸ್ತಿಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಹಾಗಿದ್ದೂ ಗಾಯಗಳು ಆಗಿಲ್ಲವೆಂದಲ್ಲ. ಕಚ್ಚಿದ ಗುರುತು, ಕೂದಲು ಕಿತ್ತ ಚರ್ಮ, ಒಮ್ಮೆ ತೊಡೆಯ ಮೇಲೆ ಬಾವು ಇವೆಲ್ಲವನ್ನೂ ನೋಡಿದ್ದೇನೆ. ಪ್ರತಿ ಬಾರಿಯೂ ನಾನು ಕೇಳುವ ಮೊದಲೇ ಫೋಟೊ ಸಹಿತ ಸಂದೇಶ ಬಂದಿದೆ. ಇದಕ್ಕೆ ಪ್ರತಿಯಾಗಿ ದೊರೆತದ್ದು ದೊಡ್ಡದು: ಬೇಲಿಯ ಓಡಾಟ ನಿಂತಿದೆ, ಮೈ ತುಂಬಿದೆ, ಸವಾರಿಯ ವೇಳೆ ಹೊರಗಿನ ಸದ್ದಿಗೆ ಬೆಚ್ಚುವುದು ಕಡಿಮೆಯಾಗಿದೆ. ಮಧ್ಯಾಹ್ನ ಹೊಂಗೆ ಮರದ ನೆರಳಿನಲ್ಲಿ ಅವನೂ ಒಂದು ವಯಸ್ಸಾದ ಕಂದು ಕುದುರೆಯೂ ಒಂದರ ತಲೆ ಇನ್ನೊಂದರ ಬಾಲದ ಕಡೆಗೆ ಇರುವಂತೆ ನಿಂತು, ಕುತ್ತಿಗೆ ಬೆನ್ನನ್ನು ಸೇರುವ ಎತ್ತರದ ಜಾಗವನ್ನು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುತ್ತವೆ. ಮೇಲ್ದುಟಿ ಉದ್ದವಾಗಿ ಅದುರುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ. ಅದೇ ಜಾಗವನ್ನು ಕೆರೆದಾಗ ಕುದುರೆಯ ಹೃದಯ ಬಡಿತ ಇಳಿಯುತ್ತದೆ ಎಂದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಸೈಸ್ ಎಷ್ಟೇ ಪ್ರೀತಿಯಿಂದ ಮಾಲೀಸು ಮಾಡಿದರೂ ಗಂಟೆಗಟ್ಟಲೆಯ ಈ ಜೊತೆಯನ್ನು ಕೊಡಲಾರರು.

ಒಂಟಿ ಪ್ಯಾಡಾಕ್‌ಗಳು ಬೇಡವೆಂದು ನಾನು ಹೇಳುವುದಿಲ್ಲ. ಬೀಜದ ಕುದುರೆ, ಕಾಲಿನ ಗಾಯದಿಂದ ಚೇತರಿಸಿಕೊಳ್ಳುತ್ತಿರುವ ಕುದುರೆ, ಗೊರಸಿನ ಉರಿಯೂತದಿಂದಾಗಿ ಹಸಿರು ಹುಲ್ಲನ್ನು ಅಳೆದು ಕೊಡಬೇಕಾದ ಕುದುರೆ, ಸ್ಪರ್ಧೆಗಾಗಿ ನಾಲ್ಕೂ ಕಾಲಿಗೆ ಲಾಳ ಬೇಕೇ ಬೇಕಾದ ಕುದುರೆ ಇವಕ್ಕೆ ಅದೇ ಸೂಕ್ತ. ಅಂಥವುಗಳಿಗೂ ಪಕ್ಕದಲ್ಲಿ ಇನ್ನೊಂದು ಕುದುರೆ ಕಾಣುವಂತಿರಬೇಕು, ಮತ್ತು ಎರಡನ್ನೂ ಒಂದೇ ಹೊತ್ತಿಗೆ ಒಳಗೆ ಕರೆದೊಯ್ಯಬೇಕು.

ನನ್ನ ದೊಡ್ಡ ದೂರು ಮಳೆಗಾಲದ್ದು. ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನ ಜೋರು ಮಳೆಗೆ ದೊಡ್ಡ ಬಯಲಿನ ಗೇಟಿನ ಬಳಿ ಕೆಸರು ಮೊಣಕಾಲಿನವರೆಗೆ ಬರುತ್ತದೆ, ಗೊರಸಿನ ಮೇಲಿನ ಸಂದಿನಲ್ಲಿ ಚರ್ಮ ಒಡೆದು ಹುಣ್ಣಾಗುತ್ತದೆ. ಆಗ ಲಾಯದವರು ಗುಂಪನ್ನು ದಿನಗಟ್ಟಲೆ ಒಳಗೇ ಕಟ್ಟಿಹಾಕಿ, ಒಂಟಿ ಪ್ಯಾಡಾಕ್‌ಗಳಿಗೆ ಸರದಿಯಂತೆ ಅರ್ಧ ಗಂಟೆ ಬಿಡುತ್ತಾರೆ. ಪೂರ್ತಿ ಶುಲ್ಕ ಪಡೆದು ಹೀಗೆ ಮಾಡುವುದು ನ್ಯಾಯವಲ್ಲ. ಗೇಟಿನ ಬಳಿ ಜಲ್ಲಿ ಹಾಸಿ ಮೇಲೆ ಮರಳು ಹರಡಿ, ಜೊತೆಗಾರ ಕುದುರೆಗಳನ್ನಾದರೂ ಎರಡೆರಡಾಗಿ ಅರೀನಾಕ್ಕೆ ಬಿಡಿ ಎಂದು ನಾವು ಕೆಲವು ಮಾಲೀಕರು ಲಿಖಿತವಾಗಿ ಕೇಳಿದ್ದೇವೆ. ಜಲ್ಲಿಯ ಕೆಲಸ ಕಳೆದ ಬೇಸಿಗೆಯಲ್ಲಿ ಮುಗಿದಿದೆ. ಎರಡನೆಯ ಕೋರಿಕೆಗೆ ಇನ್ನೂ ಒಪ್ಪಿಗೆ ಬಂದಿಲ್ಲ. ಅಲ್ಲಿಯವರೆಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಇಲ್ಲಿಗೆ ಕುದುರೆ ತರಲು ಯೋಚಿಸುವವರು ಬಿಸಿಲಿನ ದಿನವಲ್ಲದೆ ಮಳೆ ನಿಂತ ಮರುದಿನವೂ ಒಮ್ಮೆ ಬಂದು ದೊಡ್ಡ ಬಯಲನ್ನು ನೋಡಿ ನಿರ್ಧರಿಸಲಿ.