ಒಂಬತ್ತು ವರ್ಷದಿಂದ ಬಳಸುತ್ತಿರುವ ಹಾಲ್ಟ್: ಟಿಕೆಟ್ ಮಾತ್ರ ಮನೆಯಲ್ಲೇ ಮಾಡಿಕೊಂಡು ಬನ್ನಿ

ಯಲಹಂಕ–ಚಿಕ್ಕಬಳ್ಳಾಪುರ ರೈಲು ಲೈನಿನಲ್ಲಿರುವ ಒಂದು ಸಣ್ಣ ಹಾಲ್ಟ್, ಅಂದರೆ ಪುಟ್ಟ ನಿಲ್ದಾಣ, ಇದು. ಹೆಸರು ಬರೆಯುವುದಿಲ್ಲ. ಇದೇ ಲೈನಿನ ನಂದಿ ಹಾಲ್ಟ್‌ಗೆ ಈಗಾಗಲೇ ಫೋಟೊ ತೆಗೆಸಿಕೊಳ್ಳುವ ಜೋಡಿಗಳು ಹುಡುಕಿಕೊಂಡು ಬರುತ್ತಿವೆ, ನಮ್ಮದಾದರೂ ತಣ್ಣಗಿರಲಿ. ಐದಕ್ಕೆ ಮೂರೂವರೆ ಸ್ಟಾರ್.

ಇಲ್ಲಿ ಸ್ಟೇಷನ್ ಮಾಸ್ಟರ್ ಇಲ್ಲ, ಅನೌನ್ಸ್‌ಮೆಂಟ್ ಇಲ್ಲ. ಹಿಂದೆ ಕಮಿಷನ್ ಮೇಲೆ ಟಿಕೆಟ್ ಕೊಡುವ ಏಜೆಂಟ್ ಒಬ್ಬರಿದ್ದರು, ಅವರು ಬಿಟ್ಟ ಮೇಲೆ ಕಿಟಕಿ ತೆರೆದಿಲ್ಲ. ಆ ಕಿಟಕಿಯ ಕೆಳಗಿನ ಕಲ್ಲು ನೋಡಬೇಕು: ಚಿಲ್ಲರೆ ಉಜ್ಜಿ ಉಜ್ಜಿ ನಡುವೆ ಅಂಗೈಯಷ್ಟು ಜಾಗ ನುಣ್ಣಗೆ ತಗ್ಗಾಗಿದೆ. ಈಗ ಅದರ ಮೇಲೆ ನಾಯಿ ಮಲಗುತ್ತದೆ.

ಒಂದು ಸಲ ನನಗೆ ಪಾಠವಾಯಿತು. ಪ್ಲಾಟ್‌ಫಾರ್ಮಿಗೆ ಬಂದು ಆಗಿನ ರೈಲ್ವೆ ಟಿಕೆಟ್ ಆ್ಯಪ್ ಯುಟಿಎಸ್ ತೆರೆದರೆ ಟಿಕೆಟ್ ಕೊಡಲಿಲ್ಲ. ಹಳಿಯ ಹತ್ತಿರ ನಿಂತು ಬುಕ್ ಮಾಡುವ ಹಾಗಿಲ್ಲ. ನಿಲ್ದಾಣದಲ್ಲೇ ಸ್ಕ್ಯಾನ್ ಮಾಡಿ ಟಿಕೆಟ್ ಪಡೆಯಲೆಂದು ಗೋಡೆಗೆ ಅಂಟಿಸಿದ್ದ ಕ್ಯೂಆರ್ ಕೋಡ್ ಬಿಸಿಲಿಗೆ ಬೆಳ್ಳಗಾಗಿತ್ತು. ರಾಗಿ ಹೊಲದ ಬದುವಿನವರೆಗೆ ಓಡಿ ಟಿಕೆಟ್ ಮಾಡಿ ತಿರುಗುವಷ್ಟರಲ್ಲಿ ರೈಲು ಹೊರಟಿತ್ತು. ಗಾರ್ಡ್ ಬಾಗಿಲಲ್ಲಿ ನಿಂತು ಕೈಯಾಡಿಸಿದರು. ಅದು ಸಮಾಧಾನವೋ ಟಾಟಾನೋ ಇವತ್ತಿಗೂ ಗೊತ್ತಾಗಿಲ್ಲ.

ಈ ಲೈನು 1915ರದ್ದು. ಹಳಿಗಳ ನಡುವೆ ಬರೀ ಎರಡೂವರೆ ಅಡಿ ಇದ್ದ ನ್ಯಾರೋ ಗೇಜ್, ಆಟಿಕೆಯಂಥ ರೈಲು. ಈಗಿನ ಬ್ರಾಡ್ ಗೇಜ್ ಐದೂವರೆ ಅಡಿ, ಎರಡು ಪಟ್ಟಿಗಿಂತ ಅಗಲ. 2013ರಲ್ಲಿ ಚಿಕ್ಕಬಳ್ಳಾಪುರದಿಂದ ಕೋಲಾರದ ಕಡೆಗೂ ದೊಡ್ಡ ಹಳಿ ಬಂತು. ಆದರೆ ನಮ್ಮ ಪ್ಲಾಟ್‌ಫಾರ್ಮ್ ಮಾತ್ರ ಇನ್ನೂ ಆ ಪುಟ್ಟ ರೈಲನ್ನೇ ಕಾಯುತ್ತಿರುವಂತೆ ನೆಲಕ್ಕಂಟಿಕೊಂಡಿದೆ. ಈಗ ಬರುವ ಮೆಮು, ಅಂದರೆ ಕರೆಂಟಿನ ಲೋಕಲ್ ರೈಲಿನ ಮೊದಲ ಮೆಟ್ಟಿಲು ನನ್ನ ಮೊಣಕಾಲಿಗಿಂತ ಮೇಲೆ. ಸೊಪ್ಪಿನ ಮೂಟೆ ತರುವ ಅಜ್ಜಿ ಯಾರನ್ನೂ ಕೇಳುವುದಿಲ್ಲ, "ಹಿಡ್ಕೋ ಮಗಾ" ಎಂದು ಮೂಟೆಯನ್ನು ನನ್ನ ಕೈಗೆ ಹಾಕಿ, ಕಂಬಿ ಹಿಡಿದು ತಾನೇ ಹತ್ತುತ್ತಾಳೆ.

2021ರ ಜನವರಿಯಲ್ಲಿ ಇದೇ ಲೈನಿನಲ್ಲಿ ವಿಮಾನ ನಿಲ್ದಾಣಕ್ಕೂ ಒಂದು ಹಾಲ್ಟ್ ಆಯಿತು. ಅದನ್ನು ನೋಡಿ ಬಂದ ಅಜ್ಜಿಯ ವಿಮರ್ಶೆ: "ಚೆನ್ನಾಗೈತೆ, ನೆರಳೇ ಇಲ್ಲ." ನಮ್ಮಲ್ಲಿ ಹೊಂಗೆ ಮರವಿದೆ. ಎರಡನೇ ಬೋಗಿಯ ಬಾಗಿಲು ಸರಿಯಾಗಿ ಅದರ ಎದುರಿಗೇ ನಿಲ್ಲುತ್ತದೆ, ಅಲ್ಲೇ ಕಾಯಿರಿ.

ರೈಲುಗಳು ಕಡಿಮೆ. ಒಂದು ತಪ್ಪಿದರೆ ಬಸ್ಸೇ ಗತಿ. ನೀರು ಮನೆಯಿಂದ ತನ್ನಿ. ಸಂಜೆ ರೈಲಿಗೆ ಇಳಿಯುವವರು ಟಾರ್ಚ್ ಇಟ್ಟುಕೊಳ್ಳಿ: ಎರಡು ದೀಪಗಳಿವೆ, ಉರಿಯುವುದು ಒಂದು, ಅದೂ ಶೌಚಾಲಯದ ಕಡೆಗೆ. ಶೌಚಾಲಯಕ್ಕೆ ಬೀಗ.