‘ಕೆ’ ಒತ್ತಿದರೆ ಕಾವೇರಿ: ಅಂಗಡಿಯಲ್ಲಿ ಫೈರ್‌ಫಾಕ್ಸ್

ತಿಪಟೂರಿನ ಹತ್ತಿರ ನನ್ನದೊಂದು ಪುಟ್ಟ ಅಂಗಡಿ. ಜೆರಾಕ್ಸ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ. ಇರೋದು ಒಂದೇ ಕಂಪ್ಯೂಟರು, ಅದರಲ್ಲಿ ಫೈರ್‌ಫಾಕ್ಸ್. ಬ್ರೌಸರಿಗೆಂಥ ವಿಮರ್ಶೆ ಅಂತ ನಗಬೇಡಿ. ಶಟರ್ ಎಳೆಯೋ ಹೊತ್ತಿಗೂ ಬಾಗಿಲಲ್ಲಿ ಆರು ಜನ ಆಧಾರ್ ಹಿಡ್ಕೊಂಡು ನಿಂತಿರೋ ದಿನ ನಾಲ್ಕು ಅಕ್ಷರ ಕಮ್ಮಿ ಹೊಡೆದರೂ ಲಾಭವೇ.

ನಾನು ಬರೀತಿರೋದು ಅದರ ಅಡ್ರೆಸ್ ಬಾರ್, ಅಂದರೆ ಮೇಲ್ಗಡೆ ಜಾಲತಾಣದ ವಿಳಾಸ ಹೊಡೆಯೋ ಜಾಗದ ಬಗ್ಗೆ ಮಾತ್ರ. ವರ್ಷದ ಬಹುಪಾಲು ‘ಕೆ’ ಒತ್ತಿದರೆ ಆಸ್ತಿ ನೋಂದಣಿಯ ಸರ್ಕಾರಿ ತಾಣ ಕಾವೇರಿ ಬರುತ್ತೆ. ಸೈಟು, ಜಮೀನಿನ ಇ.ಸಿ. (ಋಣಭಾರ ಪತ್ರ) ಕೇಳೋರು ಅಷ್ಟು ಜನ. ಪಿಯು ರಿಸಲ್ಟ್ ದಿನ ಮಧ್ಯಾಹ್ನದ ಹೊತ್ತಿಗೆ ಅದೇ ‘ಕೆ’ಗೆ ಫಲಿತಾಂಶದ ತಾಣ ಕರ್‌ರಿಸಲ್ಟ್ಸ್ ಮೇಲೆದ್ದು ಕೂತಿರುತ್ತೆ. ಎಸೆಸೆಲ್ಸಿ ಮುಗಿಯೋವರೆಗೂ ಅದರದ್ದೇ ದರ್ಬಾರು. ಮಳೆಗಾಲ ಹಿಡಿಯೋಷ್ಟರಲ್ಲಿ ಯಾರೂ ಹೇಳದೆ ಕೆಳಗಿಳಿದು ಕಾವೇರಿಗೆ ಜಾಗ ಬಿಟ್ಟುಕೊಡುತ್ತೆ. ನಾನು ಒಂದು ಸೆಟ್ಟಿಂಗೂ ಮುಟ್ಟಿಲ್ಲ.

ಈ ಲೆಕ್ಕ ಫೈರ್‌ಫಾಕ್ಸಿಗೆ ಬಂದಿದ್ದು 2008ರ ಜೂನ್‌ನಲ್ಲಿ, 3ನೇ ಆವೃತ್ತಿಯ ಜೊತೆ. ಎಷ್ಟು ಸಲ ಹೋದಿರಿ, ಎಷ್ಟು ಇತ್ತೀಚೆಗೆ ಹೋದಿರಿ, ಎರಡನ್ನೂ ಬೆಸೆದು ‘ಫ್ರೀಸೆನ್ಸಿ’ ಅಂತ ಹೆಸರಿಟ್ಟರು. ಹಳೆಯ ಸೂತ್ರದಲ್ಲಿ 4 ದಿನದೊಳಗಿನ ಭೇಟಿಗೆ 100ರ ತೂಕ, 14 ದಿನದೊಳಗೆ 70, 31ರೊಳಗೆ 50, 90ರೊಳಗೆ 30, ಅದಕ್ಕೂ ಹಳತಾದರೆ 10. ಲಿಂಕ್ ಒತ್ತಿ ಹೋದದ್ದಕ್ಕಿಂತ ಕೈಯಾರೆ ಟೈಪ್ ಮಾಡಿ ಹೋದದ್ದಕ್ಕೆ ಬೆಲೆ ಜಾಸ್ತಿ. ನಮ್ಮ ಬೀದಿ ಕಿರಾಣಿ ಅಂಗಡಿ ಯಜಮಾನರ ನೆನಪೂ ಹೀಗೇ: ನಿನ್ನೆ ಬಂದವರಿಗೆ ನಗು, ಹೋದ ಯುಗಾದಿಗೆ ಬಂದವರಿಗೆ ‘ಯಾವೂರು ನಿಮ್ದು?’

ಇನ್ನೊಂದು ಗುಣ ನನಗೆ ತಡವಾಗಿ ಗೊತ್ತಾಯ್ತು. ಇದು ವಿಳಾಸ ಮಾತ್ರ ನೋಡಲ್ಲ, ಪುಟದ ತಲೆಬರಹವನ್ನೂ ನೋಡುತ್ತೆ, ಕನ್ನಡದಲ್ಲಿದ್ದರೂ. ಜಮೀನು ದಾಖಲೆಯ ‘ಭೂಮಿ’ ಪುಟವನ್ನ ಬುಕ್‌ಮಾರ್ಕ್ ಮಾಡಿ ‘ಪಹಣಿ’ ಅಂತ ಹೆಸರಿಟ್ಟೆ. ಈಗ ಕನ್ನಡ ಟೈಪಿಂಗಿನ ‘ನುಡಿ’ ಆನ್ ಮಾಡಿ ‘ಪಹ’ ಅಂದರೆ ಸಾಕು. ಸಹಾಯಕ್ಕೆ ಬರೋ ಹುಡುಗನಿಗೆ ಇಂಗ್ಲಿಷ್ ಸ್ಪೆಲ್ಲಿಂಗ್ ತಡಕಾಟ. ಅವನ ಮುಖ ಅರಳಿದ್ದು ಅವತ್ತೇ.

ಇಷ್ಟೆಲ್ಲ ನೆನಪು ಇರೋದು ನನ್ನ ಡಿಸ್ಕಿನಲ್ಲೇ, ಪ್ಲೇಸಸ್ ಅನ್ನೋ ಒಂದು ಫೈಲಿನಲ್ಲಿ. ಬೇರೆ ಕಂಪ್ಯೂಟರು, ಫೋನಿಗೂ ಹಿಸ್ಟರಿ ಹಂಚೋ ‘ಸಿಂಕ್‌’ಗೆ ನಾನು ಲಾಗಿನ್ ಆಗಿಲ್ಲ. ಎಲ್ಲ ನೆನಪೂ ಹೀಗೆ ಮನೆಯೊಳಗೇ ಇರಲ್ಲ. ಗೂಗಲ್ 2023ರಲ್ಲಿ ಕ್ರೋಮ್‌ಗೆ ‘ಟಾಪಿಕ್ಸ್’ ಅಂತ ತಂದಿತ್ತು: ವಾರವಾರ ನಿಮ್ಮ ಹಿಸ್ಟರಿ ನೋಡಿ ನಿಮ್ಮ ಆಸಕ್ತಿಗಳನ್ನ ಬ್ರೌಸರೇ ಪಟ್ಟಿ ಮಾಡೋದು, ಜಾಹೀರಾತಿನವರು ಕೇಳಿದರೆ ಒಂದೆರಡು ಹೇಳೋದು. 2025ರ ಅಕ್ಟೋಬರ್‌ನಲ್ಲಿ ಅದನ್ನ ಕೈಬಿಡ್ತೀವಿ ಅಂದರು. ನನ್ನ ಫೋನ್ ಜೊತೆಗೇ ಬಂದ ಇನ್ಯಾವುದೋ ಬ್ರೌಸರ್ ಬಗ್ಗೆ ಹೇಳೋದೇ ಬೇಡ. ಅಪ್ಪನಿಗೋಸ್ಕರ ಒಂದು ಸಲ ಕೊಬ್ಬರಿ ಧಾರಣೆ ನೋಡಿದ್ದಕ್ಕೆ ತಿಂಗಳುಗಟ್ಟಲೆ ‘ಕೊಬ್ಬರಿ ದಿಢೀರ್ ಏರಿಕೆ’. ಅಪ್ಪ ಅದನ್ನ ನಂಬಿ ಎರಡು ಹರಾಜು ಕಾದರು.

ಈಗ ನನ್ನ ತಪ್ಪು. ಒಬ್ಬ ಗಿರಾಕಿ ಮಗಳಿಗೆ ಗಂಡು ನೋಡೋಕೆ ವಧೂವರರ ಸೈಟ್ ತೆರೆಸಿದ್ದರು, ಮಾಮೂಲಿ ವಿಂಡೋದಲ್ಲೇ. ಮಾರನೇ ದಿನ ಬೇರೆ ಹೆಂಗಸೊಬ್ಬರ ಎದುರು ನಾನು ‘ಎಂ’ ಒತ್ತಿದೆ. ಹುಡುಗಿ ಹೆಸರಿದ್ದ ತಲೆಬರಹ ಇಷ್ಟುದ್ದ ಇಳಿಬಿತ್ತು. ನಮ್ಮ ಮಾನಿಟರ್ ಯಾವತ್ತೂ ಗಿರಾಕಿ ಕಡೆಗೇ ಅರ್ಧ ತಿರುಗಿರುತ್ತೆ. ಅವರು ಓದಿದರು, ಏನೂ ಅನ್ನಲಿಲ್ಲ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿತ್ತು. ಹುಡುಗಿಯ ಅಪ್ಪ ಈಗ ಬಸ್‌ಸ್ಟ್ಯಾಂಡ್ ಅಂಗಡಿಗೆ ಹೋಗ್ತಾರೆ.

ಅವತ್ತಿಂದ ಸರ್ಕಾರಿ ಪೋರ್ಟಲ್‌ಗಳ ಮುಖಪುಟಕ್ಕೆ ಮಾಮೂಲಿ ವಿಂಡೋ. ಗಿರಾಕಿಯ ಸ್ವಂತ ಲಾಗಿನ್, ಮೇಲ್, ಬ್ಯಾಂಕು, ಮದುವೆ, ಕಾಯಿಲೆ ಎಲ್ಲಕ್ಕೂ ಕಂಟ್ರೋಲ್-ಶಿಫ್ಟ್-ಪಿ, ಪ್ರೈವೇಟ್ ವಿಂಡೋ. ಮರೆತು ಮಾಮೂಲಿಯಲ್ಲೇ ತೆರೆದರೆ, ಅಡ್ರೆಸ್ ಬಾರಿನಿಂದ ಇಳಿಬೀಳೋ ಪಟ್ಟಿಯಲ್ಲಿ ಬಾಣದ ಕೀಲಿಯಿಂದ ಆ ಸಾಲಿಗೆ ಹೋಗಿ ಶಿಫ್ಟ್-ಡಿಲೀಟ್. ಇಡೀ ಜಾಲತಾಣವನ್ನೇ ಅಳಿಸೋಕೆ ಹಿಸ್ಟರಿಯಲ್ಲಿ ‘ಫರ್ಗೆಟ್ ಅಬೌಟ್ ದಿಸ್ ಸೈಟ್’ ಇದೆ. ಬುಕ್‌ಮಾರ್ಕ್ ಅದರಿಂದ ಹೋಗಲ್ಲ, ನೆನಪಿಡಿ.

5ಕ್ಕೆ 4 ಕೊಡ್ತೀನಿ. ಒಂದು ಅಂಕ ಕಿತ್ತಿದ್ದು ಯಾಕೆಂದರೆ, ಪ್ರೈವೇಟ್ ವಿಂಡೋ ಹೊಸದನ್ನ ಬರೆದಿಟ್ಟುಕೊಳ್ಳಲ್ಲ ನಿಜ, ಆದರೆ ಅದರ ಅಡ್ರೆಸ್ ಬಾರಿನಲ್ಲಿ ಮಾಮೂಲಿ ವಿಂಡೋದ ಹಳೇ ಹಿಸ್ಟರಿ ಇಣುಕುತ್ತೆ. ಹೆಸರು ಮಾತ್ರ ಪ್ರೈವೇಟು. ಹಾಗಾಗಿ ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚಿದ ಮೇಲೆ ನಿನ್ನೆಯ ಹಿಸ್ಟರಿ ತೆರೆದು, ನನ್ನದಲ್ಲದ್ದನ್ನ ಒಂದೊಂದೇ ಆರಿಸಿ ಅಳಿಸ್ತೀನಿ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಐದು ನಿಮಿಷ.