ಎಸ್ಸೆಸ್ಸೆಲ್ಸಿ ನಂತರ ಕಂಪ್ಯೂಟರ್ ಓದು: ಡಿಪ್ಲೊಮಾ, ಬಿಸಿಎ, ಬಿಇ

ಮುಧೋಳದ ರೈತರೊಬ್ಬರು, ಹತ್ತನೆಯ ತರಗತಿ ಮುಗಿಸಿದ ಮಗಳನ್ನು ಕಂಪ್ಯೂಟರ್ ಕ್ಷೇತ್ರಕ್ಕೆ ಯಾವ ದಾರಿಯಿಂದ ಕಳಿಸುವುದು ಒಳ್ಳೆಯದೆಂದು ಕೇಳಿದ್ದಾರೆ.

ಮೊದಲು ಕಾಲಾವಧಿ. ಪಾಲಿಟೆಕ್ನಿಕ್ ಡಿಪ್ಲೊಮಾಕ್ಕೆ 3 ವರ್ಷ. ಪಿಯುಸಿಯ 2 ವರ್ಷ ಸೇರಿದರೆ ಕಂಪ್ಯೂಟರ್ ಪದವಿಯಾದ ಬಿಸಿಎಗೆ 5, ಎಂಜಿನಿಯರಿಂಗ್ ಪದವಿಯಾದ ಬಿಇಗೆ 6. ಡಿಪ್ಲೊಮಾ ಮುಗಿಸಿದವರು ತಮಗಾಗಿಯೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೆಯ ವರ್ಷಕ್ಕೇ ಸೇರಬಹುದಾದ್ದರಿಂದ ಆ ದಾರಿಯಲ್ಲೂ ಒಟ್ಟು 6 ವರ್ಷವೇ ಆಗುತ್ತದೆ. ನಡುವೆ ಮನೆಯಲ್ಲಿ ಅಡಚಣೆ ಬಂದರೂ ಕೈಯಲ್ಲೊಂದು ಅರ್ಹತೆ ಉಳಿದಿರುತ್ತದೆ ಎಂಬುದು ನನ್ನ ದೃಷ್ಟಿಯಲ್ಲಿ ಸಣ್ಣ ಮಾತಲ್ಲ.

ಖರ್ಚಿನಲ್ಲಿ ಸರ್ಕಾರಿ ಪಾಲಿಟೆಕ್ನಿಕ್ಕೂ ಸರ್ಕಾರಿ ಕಾಲೇಜಿನ ಬಿಸಿಎಯೂ ಹಗುರ. ಬಿಇಗೆ ಸಿಇಟಿ ಪ್ರವೇಶ ಪರೀಕ್ಷೆಯಲ್ಲಿ ಸರ್ಕಾರಿ ಸೀಟು ಸಿಗದಿದ್ದರೆ ಖಾಸಗಿ ಶುಲ್ಕ ಬಹಳ ಭಾರವಾಗುತ್ತದೆ.

ಬಿಇಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬೇಕೇ ಬೇಕು; ವಾಣಿಜ್ಯ ಓದಿದವರಿಗೂ ಬಿಸಿಎ ಬಾಗಿಲು ತೆರೆದಿದೆ. ಕನ್ನಡ ಮಾಧ್ಯಮದ ಮಕ್ಕಳನ್ನು ಮೊದಲ ಸೆಮಿಸ್ಟರಿನಲ್ಲಿ ತಡೆಯುವುದು ಹೆಚ್ಚಾಗಿ ತರ್ಕವಲ್ಲ, ಪ್ರೋಗ್ರಾಮ್ ಬರೆಯುವಾಗ ಒಂದು ಅರ್ಧವಿರಾಮ ಚಿಹ್ನೆ (;) ಬಿಟ್ಟಾಗ ಪರದೆಯ ಮೇಲೆ ಮೂಡುವ ಇಂಗ್ಲಿಷ್ ದೋಷಸೂಚನೆ. ಅದನ್ನು ಓದುವ ರೂಢಿಯನ್ನು ಈಗಿನಿಂದಲೇ ಮಾಡಿಸಿರಿ.

ಬೇಗ ದುಡಿಯಬೇಕಾದ ಮನೆಗೆ ಡಿಪ್ಲೊಮಾ ಸೂಕ್ತ. ಗಣಿತದಲ್ಲಿ ಗಟ್ಟಿಯಿದ್ದು, ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಮೇಲೆ ಕಣ್ಣಿದ್ದರೆ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಅಧೀನದ ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲೇ ಬಿಇ ಓದಬಹುದು. ಪ್ರೋಗ್ರಾಮಿಂಗ್ ಇಷ್ಟವಿದ್ದು ಭೌತಶಾಸ್ತ್ರ ಬೇಡವೆನ್ನುವವರು ಬಿಸಿಎ ಆರಿಸಲಿ. ಆದರೆ ಮುಂದೆ 2 ವರ್ಷದ ಸ್ನಾತಕೋತ್ತರ ಪದವಿ ಎಂಸಿಎಗೂ ಹಣ ತೆಗೆದಿಡಬೇಕು.